ಹಕ್ಕಿ ಹೆಸರಿಗೆ ಜಗಳ ಯಾಕೆ?

ನಮ್ಮ ತರಗತಿಯಲ್ಲಿ ಹಕ್ಕಿ ನೋಡುವವರ ಒಂದು ಗುಂಪಿದೆ. ನೋಡಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆಯುತ್ತೇವೆ. ಹೋದ ತಿಂಗಳು ಹೊಲದ ಹತ್ತಿರ ಕರೆಂಟು ತಂತಿಯ ಮೇಲೆ ನೀಲಿ ಬೆನ್ನಿನ ಹಕ್ಕಿ ಕೂತಿತ್ತು. ನಮ್ಮ ರಾಜ್ಯಪಕ್ಷಿ ನೀಲಕಂಠವೇ ಸಿಕ್ಕಿತು ಅಂತ ನನಗೆ ಖುಷಿ. ಗೆಳೆಯ ಮಾತ್ರ ಮಿಂಚುಳ್ಳಿ ಎಂದ. "ನಿಂಗೇನೋ ಗೊತ್ತು? ನೀರಿಲ್ಲದ ಕಡೆ ಮಿಂಚುಳ್ಳಿ ಬರ್ತದಾ?" ಅಂತ ಎಲ್ಲರ ಮುಂದೆ ನಕ್ಕುಬಿಟ್ಟೆ. ಅವನು ಗುಂಪಿಗೆ ಬರೋದನ್ನೇ ಬಿಟ್ಟ.

ಆಮೇಲೆ ಮೇಷ್ಟ್ರು ಕೇಳಿದರು, "ಕೊಕ್ಕು ಯಾವ ಬಣ್ಣ?" ಕೆಂಪು ಎಂದೆ. "ಎದೆ?" ಬಿಳಿ. ನೀಲಕಂಠದ ಕೊಕ್ಕು ಕಪ್ಪು, ಎದೆ ಕಂದು. (ಹೆಸರು ಹಾಗಿದ್ದರೂ ಅದರ ಕಂಠ ನೀಲಿಯಲ್ಲ!) ಬಿಳಿ ಎದೆಯ ಮಿಂಚುಳ್ಳಿ ಮಿಡತೆ, ಓತಿಕ್ಯಾತಗಳನ್ನೂ ತಿನ್ನುತ್ತದೆ, ಅದಕ್ಕೇ ಹೊಲದಲ್ಲೂ ಇರುತ್ತದೆ. ತಪ್ಪು ನನ್ನದೇ.

ಈಗ ನಮ್ಮಲ್ಲಿ ಹೆಸರು ಕೊನೆಗೆ. ಮೊದಲು ಕೊಕ್ಕು, ಎದೆ, ಬಾಲ ಹೇಗಿತ್ತು ಅಂತ ಒಬ್ಬೊಬ್ಬರೂ ಹೇಳಬೇಕು. ಆಗ ಮಾತೆಲ್ಲಾ ಹಕ್ಕಿ ಮೇಲೇ ಇರುತ್ತದೆ, ಬೈಯೋಕೆ ಪುರಸೊತ್ತೇ ಸಿಗಲ್ಲ. ಒಪ್ಪಿಗೆ ಆಗದಿದ್ದರೆ ಎರಡೂ ಹೆಸರು ಬರೆದು ಪ್ರಶ್ನೆ ಚಿಹ್ನೆ ಹಾಕುತ್ತೇವೆ.

ಗೆಳೆಯನ ಮನೆಗೆ ಹೋಗಿ ನಾನೇ ಕರೆದೆ. ಸೋಮವಾರದಿಂದ ಬರುತ್ತಿದ್ದಾನೆ. ನನ್ನ 'ನೀಲಕಂಠ' ಹೊಡೆದುಹಾಕಿ, 'ಮಿಂಚುಳ್ಳಿ' ಅಂತ ಅವನ ಕೈಯಲ್ಲೇ ಬರೆಸಿದೆವು.