ನಿಮಗಿದು ಗೊತ್ತೆ? ಕೈಪಂಪಿಗೆ ಕೆಂಪು ಬಣ್ಣ ಬಳಿದರೆ...
ಬಾಂಗ್ಲಾದೇಶದ ಹಳ್ಳಿಗಳಲ್ಲಿ ಕೈಪಂಪಿನ ಮೂತಿಗೆ ಹಸಿರು ಬಣ್ಣ ಬಳಿದಿದ್ದರೆ ನೀರು ಕುಡಿಯಬಹುದು, ಕೆಂಪು ಬಳಿದಿದ್ದರೆ ಕುಡಿಯಬಾರದು. ಕೆಂಪು ಎಂದರೆ ಆ ನೀರಿನಲ್ಲಿ ಆರ್ಸೆನಿಕ್ ಮಿತಿಮೀರಿದೆ ಎಂದರ್ಥ. ನಮ್ಮ ಹಿರಿಯರು ಪಾಷಾಣ ಎನ್ನುತ್ತಿದ್ದುದು ಇದರದೇ ರೂಪ.

ಕೆರೆಕುಂಟೆಯ ನೀರು ಕುಡಿದು ಮಕ್ಕಳು ವಾಂತಿಭೇದಿಗೆ ಬಲಿಯಾಗುತ್ತಿದ್ದರೆಂದು 1970ರ ದಶಕದಿಂದ ಅಲ್ಲಿ ಯುನಿಸೆಫ್ ನೆರವಿನಲ್ಲಿ ಕೊಳವೆ ಬಾವಿ ಕೊರೆಸಿದರು. ಜನ ತಾವೂ ಕೊರೆಸಿಕೊಂಡು ಅವು ಲಕ್ಷಗಟ್ಟಲೆಯಾದವು. ನೀರು ಕನ್ನಡಿಯಂತೆ ತಿಳಿಯಾಗಿತ್ತು. ಆರ್ಸೆನಿಕ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಇಲ್ಲ. ಅದರ ಪರೀಕ್ಷೆ ಆಗಿನ ವಾಡಿಕೆಯಲ್ಲಿರಲಿಲ್ಲ. ಹಿಮಾಲಯದಿಂದ ನದಿಗಳು ಹೊತ್ತು ತಂದ ಹೂಳಿನಲ್ಲಿ ಕಬ್ಬಿಣದ ಆಕ್ಸೈಡಿಗೆ ಅಂಟಿಕೊಂಡಿದ್ದ ಈ ವಿಷ, ಆಮ್ಲಜನಕವಿಲ್ಲದ ಆಳದಲ್ಲಿ ಬಿಡಿಸಿಕೊಂಡು ನೀರಿಗೆ ಸೇರುತ್ತದೆ.

ವರ್ಷಗಟ್ಟಲೆ ಕುಡಿದವರ ಅಂಗೈ, ಅಂಗಾಲಿನಲ್ಲಿ ಆಣಿಯಂಥ ಗಂಟು, ಎದೆಯ ಮೇಲೆ ಮಳೆಹನಿ ಬಿದ್ದಂಥ ಚುಕ್ಕೆ. ಮುಂದೆ ಚರ್ಮ, ಶ್ವಾಸಕೋಶ, ಮೂತ್ರಕೋಶದ ಕ್ಯಾನ್ಸರ್. ಕುಷ್ಠವೆಂದು ಹೆದರಿ ಸೊಸೆಯರನ್ನು ತವರಿಗೆ ಅಟ್ಟಿದ್ದೂ ಉಂಟು. ಅವರ ಸಂಕಟ ನೆನೆದರೆ ಕರುಳು ಚುರ್ರೆನ್ನುತ್ತದೆ.

ಕುದಿಸಿದರೆ ಆರ್ಸೆನಿಕ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಸಾಂದ್ರತೆ ಹೆಚ್ಚುತ್ತದೆ! ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ ಕೇವಲ 10 ಮೈಕ್ರೋಗ್ರಾಂ.

ನಮ್ಮ ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲೂ ಇವೇ ಆಣಿಗಳು ಜನರ ಕೈಯಲ್ಲಿ ಕಂಡಿವೆ. ಅದು ಹಳೆಯ ಚಿನ್ನದ ಗಣಿಯ ನೆರೆಯ ಊರು. ಅಲ್ಲಿ ಚಿನ್ನದ ಅದಿರಿನ ಜೊತೆಗೇ ಆರ್ಸೆನಿಕ್ ಬೆರೆತ ಕಲ್ಲು ಇದೆ.