ನವಣೆಯ ಹಗೇವು, ಆಮೆಯ ಚಿಪ್ಪು: ಪ್ರಾಚೀನ ಚೀನಾದ ಬಗ್ಗೆ ನಂಬಿದ್ದು ಮತ್ತು ನಿಜ

ಚೀನಾ ಎಂದೊಡನೆ ಕಣ್ಣ ಮುಂದೆ ಬರುವುದು ಬಟ್ಟಲು ತುಂಬ ಅನ್ನ, ಪಕ್ಕದಲ್ಲಿ ಎರಡು ಕಡ್ಡಿ. ಆ ನಾಗರಿಕತೆ ಅಕ್ಕಿಯಿಂದಲೇ ಬೆಳೆಯಿತು ಎಂದು ಬಹಳ ಜನ ನಂಬಿದ್ದಾರೆ. ಆದರೆ ಹಳದಿ ನದಿಯ ಸೀಮೆಯಲ್ಲಿ ಮೊದಲ ಊರುಗಳು ಕಟ್ಟಿಕೊಂಡದ್ದು ನವಣೆ ಮತ್ತು ಬರಗಿನ ಬಲದಿಂದ. ಇಂದು ಸಿರಿಧಾನ್ಯವೆಂದು ನಾವು ಮತ್ತೆ ಅಡುಗೆಮನೆಗೆ ತಂದುಕೊಂಡಿರುವ ನವಣೆಯನ್ನು ಕಾಡುಹುಲ್ಲಿನಿಂದ ಬೆಳೆಯಾಗಿ ಒಗ್ಗಿಸಿದವರು ಉತ್ತರ ಚೀನಾದ ರೈತರು. ಹೆಬೆಯ್ ಪ್ರಾಂತ್ಯದ ಸಿಶಾನ್‌ನಲ್ಲಿ ಧಾನ್ಯ ತುಂಬಿಡುತ್ತಿದ್ದ ನೂರಾರು ಗುಂಡಿಗಳು ಸಿಕ್ಕಿವೆ. ಬಯಲುಸೀಮೆಯ ಹಗೇವುಗಳನ್ನು ಬಲ್ಲವರಿಗೆ ಅವುಗಳ ಉಪಯೋಗವನ್ನು ವಿವರಿಸಬೇಕಾಗಿಲ್ಲ. ಝೌ ರಾಜವಂಶದವರು ತಮ್ಮ ಮೂಲಪುರುಷನೆಂದು ಪೂಜಿಸಿದ ಹೌ ಜಿ ಕೂಡ ಯುದ್ಧವೀರನಲ್ಲ, ಧಾನ್ಯದ ಒಡೆಯ.

ಇದಕ್ಕೆ ಕಾರಣ ಆ ನೆಲವೇ. ಒಳನಾಡಿನ ಮರುಭೂಮಿಗಳಿಂದ ಗಾಳಿ ಹೊತ್ತು ತಂದ ಹಳದಿ ದೂಳು ಅಲ್ಲಿ ಲಕ್ಷಾಂತರ ವರ್ಷ ಕೂತು, ಕೆಲವೆಡೆ ನೂರು ಮೀಟರಿಗೂ ಮೀರಿ ಪೇರಿಕೊಂಡಿದೆ. ಕಲ್ಲಿಲ್ಲದ ಮೆದು ಮಣ್ಣು. ಮರದ ಸಲಿಕೆಗೂ ಬಗ್ಗುತ್ತದೆ. ಮಳೆ ಕಡಿಮೆಯಾದ ಆ ಸೀಮೆಗೆ ನವಣೆಗಿಂತ ಒಗ್ಗುವ ಬೆಳೆ ಇನ್ನೊಂದಿರಲಿಲ್ಲ. ಅದೇ ಮಣ್ಣು ಹೊಳೆಗೆ ಇಳಿದು ನೀರಿಗೆ ಬಣ್ಣವನ್ನೂ ಹೆಸರನ್ನೂ ಕೊಟ್ಟಿತು, ಹೂಳಾಗಿ ಪಾತ್ರವನ್ನು ಮೇಲೆತ್ತಿತು. ಒಡ್ಡು ಎತ್ತರಿಸಿದಷ್ಟೂ ಹೊಳೆ ಹೊಲಗಳಿಗಿಂತ ಮೇಲೆ ಹರಿಯತೊಡಗಿತು. ಒಡ್ಡು ಒಡೆದಾಗ ದಾರಿಯನ್ನೇ ಬದಲಿಸಿತು. 1855ರಲ್ಲಿ ಹೀಗೆ ತಿರುಗಿದ ನದಿ ಶಾಂಡೊಂಗ್ ಪರ್ಯಾಯದ್ವೀಪದ ದಕ್ಷಿಣ ಬಿಟ್ಟು ಉತ್ತರದಲ್ಲಿ ಕಡಲು ಸೇರಿತು.

ಅಕ್ಕಿಯ ಕಥೆ ದಕ್ಷಿಣದ ಯಾಂಗ್‌ಟ್ಸಿ ನದಿಯದು. ಇಲ್ಲಿಗೇ ಎರಡನೆಯ ನಂಬಿಕೆಯೂ ಅಲುಗಾಡುತ್ತದೆ: ಇಡೀ ಚೀನೀ ನಾಗರಿಕತೆ ಹಳದಿ ನದಿಯ ತೊಟ್ಟಿಲಲ್ಲಿ ಹುಟ್ಟಿ ಉಳಿದೆಡೆಗೆ ಹರಡಿತು ಎನ್ನುವುದು. ಹಾಂಗ್‌ಝೌ ನಗರದ ಬಳಿಯ ಲಿಯಾಂಗ್‌ಝುನಲ್ಲಿ ಸುಮಾರು 5000 ವರ್ಷಗಳ ಹಿಂದೆಯೇ ಕೋಟೆಯಿದ್ದ ನಗರವಿತ್ತು, ನೀರನ್ನು ಹಿಡಿದಿಡಲು ಮಣ್ಣಿನ ಅಣೆಕಟ್ಟುಗಳಿದ್ದವು, ಸಮಾಧಿಗಳಲ್ಲಿ ನುಣ್ಣಗೆ ಉಜ್ಜಿದ ಜೇಡ್ ಕಲ್ಲಿನ ಕೆತ್ತನೆಗಳಿದ್ದವು. ಪಶ್ಚಿಮದ ಸಿಚುವಾನ್‌ನಲ್ಲಿ ಸಾನ್‌ಶಿಂಗ್‌ದುಯಿ ಇದೆ. 1986ರಲ್ಲಿ ಅಲ್ಲಿ ಎರಡು ಗುಂಡಿಗಳನ್ನು ಅಗೆದಾಗ ಹೊರಬಂದದ್ದು ಆಳೆತ್ತರ ಮೀರಿದ ಕಂಚಿನ ಮನುಷ್ಯ, ಸುಮಾರು 4 ಮೀಟರ್ ಎತ್ತರದ ಕಂಚಿನ ಮರ, ಕಣ್ಣಗುಡ್ಡೆ ಕೊಳವೆಯಂತೆ ಮುಂದಕ್ಕೆ ಚಾಚಿದ ಮುಖವಾಡಗಳು. ಹಳದಿ ನದಿಯ ಬಯಲಿನಲ್ಲಿ ಶಾಂಗ್ ದೊರೆಗಳು ಆಳುತ್ತಿದ್ದ ಕಾಲದಲ್ಲೇ ಎರಕ ಹೊಯ್ದವು ಅವು. ಆ ಮುಖಗಳನ್ನು ನೋಡಿದ ಮೇಲೆ ಒಂದೇ ತೊಟ್ಟಿಲಿನ ಮಾತು ಒಪ್ಪುವುದು ಕಷ್ಟ.

ರಾಜವಂಶಗಳ ವಿಷಯಕ್ಕೆ ಬಂದರೆ ಶಿಯಾ, ಶಾಂಗ್, ಝೌ, ಚಿನ್, ಹಾನ್ ಎಂದು ಪಟ್ಟಿಯೊಂದು ಬಾಯಿಪಾಠವಾಗಿರುತ್ತದೆ. ಎಲ್ಲವೂ ಒಂದೇ ತೂಕದ ಇತಿಹಾಸ ಎಂದುಕೊಂಡರೆ ಅದು ತಪ್ಪು. ಶಿಯಾ ಕಾಲದ್ದೆಂದು ಹೇಳಬಹುದಾದ ಒಂದಕ್ಷರವೂ ಸಿಕ್ಕಿಲ್ಲ. ಎರ್‌ಲಿಟೌ ಎಂಬಲ್ಲಿ ಕ್ರಿ.ಪೂ. 1900ರಿಂದ 1500ರ ನಡುವಿನ ಅರಮನೆಯ ಅಡಿಪಾಯಗಳಿವೆ, ಕಂಚಿನ ಪಾತ್ರೆಗಳಿವೆ. ಅದೇ ಶಿಯಾ ರಾಜಧಾನಿ ಎಂದು ಚೀನಾದ ಅನೇಕ ವಿದ್ವಾಂಸರು ನಂಬುತ್ತಾರೆ. ಬರಹದ ಸಾಕ್ಷಿ ಬರುವ ತನಕ ಹಾಗೆಂದು ಖಚಿತವಾಗಿ ಹೇಳಲಾಗದು.

ಹಾಗಾದರೆ ಹಳೆಯ ಪಟ್ಟಿಯೆಲ್ಲ ಕಟ್ಟುಕಥೆಯೇ? ಅದೂ ಸರಿಯಲ್ಲ. ಶಾಂಗ್ ದೊರೆಗಳು ಆಳಿದ ಆನ್ಯಾಂಗ್ ಸುತ್ತಿನ ರೈತರು ಹೊಲದಲ್ಲಿ ಸಿಕ್ಕ ಹಳೆಯ ಮೂಳೆಗಳನ್ನು ‘ಡ್ರ್ಯಾಗನ್ ಮೂಳೆ’ಯೆಂದು ಔಷಧದ ಅಂಗಡಿಗಳಿಗೆ ಮಾರುತ್ತಿದ್ದರು. ಅವು ಪುಡಿಯಾಗಿ ಕಷಾಯ ಸೇರುತ್ತಿದ್ದವು. ಅವುಗಳ ಮೇಲಿನ ಗೀರುಗಳು ಪ್ರಾಚೀನ ಲಿಪಿಯೆಂದು 1899ರಲ್ಲಿ ಗುರುತಿಸಿದವರು ವಾಂಗ್ ಯಿರೊಂಗ್. 1917ರಲ್ಲಿ ವಾಂಗ್ ಗುವೊವೆಯ್ ಆ ಮೂಳೆಗಳಲ್ಲಿದ್ದ ದೊರೆಗಳ ಹೆಸರನ್ನು ಇತಿಹಾಸಕಾರ ಸಿಮಾ ಚಿಯಾನ್ ಕೊಟ್ಟ ಶಾಂಗ್ ಪಟ್ಟಿಯೊಂದಿಗೆ ಹೋಲಿಸಿದರು. ಶಾಂಗ್ ಅಳಿದು ಸುಮಾರು ಸಾವಿರ ವರ್ಷವಾದ ಮೇಲೆ ಬರೆದ ಆ ಪಟ್ಟಿ ಬಹುಪಾಲು ಸರಿಯಾಗಿತ್ತು!

ಮೂಳೆಗಳು ಏನು ಹೇಳುತ್ತವೆ? ಎತ್ತಿನ ಹೆಗಲೆಲುಬಿನಲ್ಲೋ ಆಮೆಯ ಹೊಟ್ಟೆಯ ಚಿಪ್ಪಿನಲ್ಲೋ ಗುಳಿ ಕೊರೆದು ಕಾವು ಕೊಟ್ಟರೆ ಚಿಟಿಲ್ಲೆಂದು ಸೀಳುತ್ತಿತ್ತು. ದೊರೆ ಆ ಬಿರುಕನ್ನು ನೋಡಿ ಶಕುನ ಹೇಳುತ್ತಿದ್ದ. ರಾಣಿ ಫು ಹಾವ್‌ಗೆ ಹೆರಿಗೆ ಸುಸೂತ್ರವಾಗುವುದೇ ಎಂದು ವು ದಿಂಗ್ ದೊರೆ ಕೇಳಿಸಿದ ಚಿಪ್ಪೊಂದು ಉಳಿದಿದೆ. ಯಾವ ದಿನ ಹೆತ್ತರೆ ಶುಭವೆಂದು ಆತ ಹೇಳಿದ್ದು ಅದರಲ್ಲಿದೆ. 31 ದಿನಗಳ ನಂತರ ಬೇರೆ ದಿನದಲ್ಲಿ ಹೆರಿಗೆಯಾಯಿತು, ಶುಭವಾಗಲಿಲ್ಲ, ಹೆಣ್ಣುಮಗು ಎಂದೂ ಇದೆ. ಮೂರು ಸಾವಿರ ವರ್ಷ ದಾಟಿ ಬಂದ ಆ ಸಾಲು ಓದುವಾಗ ಮನಸ್ಸಿಗೆ ನೋವಾಗುತ್ತದೆ. ಏಕೆಂದರೆ ಅದೇ ಫು ಹಾವ್ 13,000 ಜನರ ಸೇನೆಯೊಂದಿಗೆ ಯುದ್ಧಕ್ಕೆ ಹೋದದ್ದನ್ನು ಇನ್ನೊಂದು ಮೂಳೆ ಹೇಳುತ್ತದೆ. 1976ರಲ್ಲಿ ಆನ್ಯಾಂಗ್‌ನಲ್ಲಿ ಕಳ್ಳರ ಕೈ ತಾಗದೆ ಸಿಕ್ಕ ಆಕೆಯ ಸಮಾಧಿಯಲ್ಲಿ 468 ಕಂಚಿನ ವಸ್ತುಗಳು, 755 ಜೇಡ್ ವಸ್ತುಗಳಿದ್ದವು. ಒಂಬತ್ತು ಕಿಲೋ ತೂಗುವ ಕೊಡಲಿಯ ಮೇಲೆ ಅವಳ ಹೆಸರಿತ್ತು. ಆ ಕಾಲದ ಹೆಂಗಸರೆಲ್ಲ ಅಂತಃಪುರದ ಗೋಡೆಯೊಳಗೇ ಇದ್ದರು ಎನ್ನುವವರು ಈ ಕೊಡಲಿಯನ್ನು ನೋಡಬೇಕು.

ಅದೇ ಸಮಾಧಿಯಲ್ಲಿ ಸುಮಾರು 7000 ಕವಡೆಗಳೂ ಇದ್ದವು. ಕವಡೆ ಬೆಚ್ಚನೆಯ ಕಡಲಿನದು. ಆನ್ಯಾಂಗ್‌ನಿಂದ ಅಂಥ ಕಡಲು ಬಹಳ ದೂರ. ಬೆಟ್ಟ, ಮರುಭೂಮಿಗಳ ಹಿಂದೆ ಚೀನಾ ಒಂಟಿಯಾಗಿ ಬೆಳೆಯಿತು ಎಂಬ ಮಾತಿಗೆ ಇಷ್ಟೇ ಉತ್ತರ ಸಾಕು. ಗೋಧಿ ಬಂದದ್ದು ಪಶ್ಚಿಮ ಏಷ್ಯಾದಿಂದ, ಕುದುರೆ ಹೂಡಿದ ರಥ ಬಂದದ್ದು ಹುಲ್ಲುಗಾವಲುಗಳ ದಾರಿಯಲ್ಲಿ. ಸಂಪತ್ತು, ಸರಕು, ದುಬಾರಿ ಎಂಬ ಮಾತುಗಳಿಗೆ ಚೀನೀಯರು ಬರೆಯುವ ಅಕ್ಷರಗಳಲ್ಲಿ ಕವಡೆಯ ಚಿತ್ರ ಇಂದಿಗೂ ಅಡಗಿದೆ.

ಚೀನಾದ ದೊರೆಯನ್ನು ಪ್ರಶ್ನಿಸುವಂತೆಯೇ ಇರಲಿಲ್ಲ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಕ್ರಿ.ಪೂ. ಸುಮಾರು 1046ರಲ್ಲಿ ಶಾಂಗರನ್ನು ಉರುಳಿಸಿದ ಝೌ ವಂಶದವರು ತಮ್ಮ ದಂಗೆಗೆ ಕೊಟ್ಟ ಸಮರ್ಥನೆ ಇದು: ಆಳುವ ಅಪ್ಪಣೆ ಆಕಾಶದ್ದು, ದುಷ್ಟನಾದವನಿಂದ ಆಕಾಶ ಅದನ್ನು ಕಿತ್ತುಕೊಳ್ಳುತ್ತದೆ. ಮುಂದೆ ಪ್ರತಿ ಹೊಸ ವಂಶವೂ ಇದನ್ನೇ ಹೇಳಿತು.

ಇನ್ನು ತತ್ತ್ವಜ್ಞಾನ. ಕನ್ಫ್ಯೂಷಿಯಸ್ ಧರ್ಮವೊಂದನ್ನು ಸ್ಥಾಪಿಸಿದ, ದೊರೆಗಳು ಅವನ ಮಾತು ಕೇಳಿ ಆಳಿದರು ಎಂದು ಬಹುತೇಕರ ಕಲ್ಪನೆ. ಕ್ರಿ.ಪೂ. 551ರಲ್ಲಿ ಲು ರಾಜ್ಯದಲ್ಲಿ ಹುಟ್ಟಿದ ಆತ ತನ್ನ ಮಾತಿಗೆ ಕಿವಿಗೊಡುವ ದೊರೆಯನ್ನು ಹುಡುಕುತ್ತಾ ಐವತ್ತು ದಾಟಿದ ಮೇಲೆ ಸುಮಾರು 14 ವರ್ಷ ಊರೂರು ಅಲೆದ, ಯಾರೂ ಸಿಗಲಿಲ್ಲ. ಅವನ ಹೆಸರಿನ ಗ್ರಂಥವನ್ನು ಜೋಡಿಸಿದವರು ಶಿಷ್ಯರು ಮತ್ತು ಅವರ ಶಿಷ್ಯರು. ಕ್ರಿ.ಪೂ. 221ರಲ್ಲಿ ಚೀನಾವನ್ನು ಮೊದಲು ಒಂದುಗೂಡಿಸಿದ ಚಿನ್ ಸಾಮ್ರಾಟ ನಂಬಿದ್ದು ಕಠಿಣ ಕಾನೂನು, ದಂಡನೆಯನ್ನೇ ಮುಖ್ಯವೆಂದ ಪಂಥವನ್ನು. ಕನ್ಫ್ಯೂಷಿಯಸ್‌ಗೆ ಅರಮನೆಯ ಬಾಗಿಲು ತೆರೆದದ್ದು ಹಾನ್ ಚಕ್ರವರ್ತಿ ವು ಕಾಲದಲ್ಲಿ, ಅವನು ಸತ್ತು ಮುನ್ನೂರಕ್ಕೂ ಹೆಚ್ಚು ವರ್ಷಗಳಾದ ಮೇಲೆ.

ಆ ನಡುವಿನ ಕಾಲದಲ್ಲಿ ಕನ್ಫ್ಯೂಷಿಯಸ್‌ಗೆ ಸಮಸಮನಾಗಿ ನಿಂತವನು ಮೋಝಿ. ಇಂದು ಅವನ ಹೆಸರು ಕೇಳಿದವರೇ ಕಡಿಮೆ. ತನ್ನವರು, ಪರರು ಎನ್ನದೆ ಎಲ್ಲರನ್ನೂ ಸಮಾನವಾಗಿ ಕಾಣಬೇಕು, ದಂಡೆತ್ತಿ ಹೋಗುವ ಯುದ್ಧ ಕೊಲೆಗೆ ಸಮ ಎಂದವನು ಅವನು. ಚು ರಾಜ್ಯ ಪುಟ್ಟ ಸೋಂಗ್ ರಾಜ್ಯದ ಮೇಲೆ ಬೀಳಲು ಏಣಿಗಳನ್ನು ಸಿದ್ಧಪಡಿಸುತ್ತಿದೆ ಎಂದು ತಿಳಿದೊಡನೆ ಹತ್ತು ಹಗಲು ಹತ್ತು ರಾತ್ರಿ ನಡೆದು ಚು ರಾಜಧಾನಿಗೆ ಹೋದನೆಂದು ಅವನ ಶಿಷ್ಯರು ಬರೆದಿಟ್ಟಿದ್ದಾರೆ. ಅಲ್ಲಿ ದೊರೆಯ ಎದುರಿಗೆ ಸೊಂಟಪಟ್ಟಿ ಬಿಚ್ಚಿ ನೆಲದ ಮೇಲೆ ಕೋಟೆಯಾಗಿ ಹಾಸಿದ, ಮರದ ಚೂರುಗಳನ್ನು ಯಂತ್ರಗಳಾಗಿ ಇಟ್ಟುಕೊಂಡ. ಚು ರಾಜ್ಯದ ಯಂತ್ರಶಿಲ್ಪಿ ಒಂಬತ್ತು ಸಲ ಮುತ್ತಿಗೆ ಹಾಕಿದ. ಮೋಝಿ ಒಂಬತ್ತು ಸಲವೂ ಹಿಮ್ಮೆಟ್ಟಿಸಿದ. ದೊರೆ ದಂಡಯಾತ್ರೆ ಕೈಬಿಟ್ಟ. ಹಿಂದಿರುಗುವ ದಾರಿಯಲ್ಲಿ ಸೋಂಗ್ ರಾಜ್ಯದಲ್ಲಿ ಮಳೆ ಹಿಡಿಯಿತು. ಊರಬಾಗಿಲ ಕೆಳಗೆ ನಿಲ್ಲಲು ಮೋಝಿ ಹೋದಾಗ, ಅವನು ಯಾರೆಂದು ತಿಳಿಯದ ಕಾವಲುಗಾರ ಒಳಗೆ ಬಿಡಲಿಲ್ಲ.