ಸಂಘದ ಸುದ್ದಿ ಕೊಟ್ಟಿಗೆಗೆ ತಲುಪುವುದು ಹೇಗೆ?



ಹುಲಿಯೂರುದುರ್ಗ ಹೋಬಳಿಯ ಒಂದು ಸಂಘದಲ್ಲಿ ನಡೆದ ಸಂಗತಿಯನ್ನು ಮೊದಲು ತಿಳಿಸುತ್ತೇನೆ. ಮಾರನೆಯ ದಿನ ಕಾಲುಬಾಯಿ ಜ್ವರದ ಲಸಿಕೆ ಹಾಕಲು ಸಿಬ್ಬಂದಿ ಬರುವರೆಂದು ಕಾರ್ಯದರ್ಶಿಗಳು ಸಂಘದ ವಾಟ್ಸ್ಆ್ಯಪ್ ಗುಂಪಿಗೆ ಸುತ್ತೋಲೆಯ ಫೋಟೋ ಹಾಕಿದರು. ಆಗ ಬೆಳಿಗ್ಗೆ ಹನ್ನೊಂದು ಗಂಟೆ. ಸುದ್ದಿ ಮುಟ್ಟಿಸಿದೆನೆಂದು ಅವರು ನೆಮ್ಮದಿಯಾಗಿದ್ದರು. ಮಾರನೆಯ ದಿನ ನೋಡಿದರೆ ಹಲವು ಮನೆಗಳ ಹಸುಗಳು ಬೆಟ್ಟದ ಕಡೆ ಮೇಯಲು ಹೋಗಿದ್ದವು. ವಿಚಾರಿಸಲಾಗಿ, ಗುಂಪಿನಲ್ಲಿದ್ದ ಫೋನು ಯಜಮಾನರದು, ಇಲ್ಲವೇ ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗನದು. ಹಸು ಕಟ್ಟಿ, ಹಾಲು ಕರೆದು, ಡೈರಿಗೆ ತಂದು ಹಾಕುವ ಮನೆಯಾಕೆಗೆ ವಿಷಯವೇ ಗೊತ್ತಿರಲಿಲ್ಲ. ಗೊತ್ತಾದ ಕೆಲವರಿಗೂ ಸುತ್ತೋಲೆಯ ಸಣ್ಣ ಅಕ್ಷರ ಓದಲಾಗಿರಲಿಲ್ಲ.

ಈ ಲಸಿಕೆ ಆರು ತಿಂಗಳಿಗೊಮ್ಮೆ ಹಾಕುವಂಥದ್ದು. ತಪ್ಪಿಸಿಕೊಂಡ ಹಸುವಿಗೆ ರೋಗ ಬಂದರೆ ಅದರ ಹಾಲು ಇಳಿಯುವುದಷ್ಟೇ ಅಲ್ಲ, ಪಕ್ಕದ ಕೊಟ್ಟಿಗೆಗೂ ರೋಗ ಹೋಗುತ್ತದೆ. ಆದ್ದರಿಂದ ಸುದ್ದಿ ತಲುಪದಿರುವುದು ಸಣ್ಣ ಲೋಪವಲ್ಲ.

ಈಗ ನಗರಗಳಲ್ಲಿ ಡಿಜಿಟಲ್ ಮಾರ್ಕೆಟಿಂಗ್ ಎಂಬ ಉದ್ಯೋಗವಿದೆ. ಆ ಕೆಲಸದವರು ಎರಡು ಮಾತುಗಳನ್ನು ಪದೇ ಪದೇ ಹೇಳುತ್ತಾರೆ: ಒಂದು ಕಂಟೆಂಟ್, ಇನ್ನೊಂದು ಡಿಸ್ಟ್ರಿಬ್ಯೂಷನ್. ನಮ್ಮ ಮಾತಿನಲ್ಲಿ ಹೇಳುವುದಾದರೆ ಏನು ಹೇಳುತ್ತೇವೆ ಎಂಬುದು ಒಂದು, ಅದನ್ನು ಯಾರಿಗೆ, ಯಾವ ಹೊತ್ತಿನಲ್ಲಿ, ಯಾವ ದಾರಿಯಿಂದ ಮುಟ್ಟಿಸುತ್ತೇವೆ ಎಂಬುದು ಇನ್ನೊಂದು. ಹಾಲು ಹಾಕುವ ನಮಗೆ ಇದು ಹೊಸ ವಿಷಯವಲ್ಲ. ಫ್ಯಾಟು, ಡಿಗ್ರಿ ಎಷ್ಟೇ ಚೆನ್ನಾಗಿರಲಿ, ಹಾಲಿನ ಗಾಡಿ ಹೊತ್ತಿಗೆ ಬಾರದಿದ್ದರೆ ಕ್ಯಾನಿನಲ್ಲೇ ಹುಳಿಯಾಗುತ್ತದೆ. ಮೇಲೆ ಹೇಳಿದ ಸುತ್ತೋಲೆಯಲ್ಲಿ ತಪ್ಪಿರಲಿಲ್ಲ, ಅದಕ್ಕೆ ಗಾಡಿ ಸಿಕ್ಕಿರಲಿಲ್ಲ.

ಈ ವಿದ್ಯೆಯನ್ನು ಹಾಲಿನವರೇ ಬಹಳ ಹಿಂದೆ ಮಾಡಿ ತೋರಿಸಿದ್ದಾರೆ. 1976ರಲ್ಲಿ ಶ್ಯಾಮ್ ಬೆನಗಲ್ ಅವರ ‘ಮಂಥನ್’ ಎಂಬ ಹಿಂದಿ ಚಿತ್ರ ತೆರೆಗೆ ಬಂತು. ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಹಾಕಿ ತೆಗೆಸಿದ ಚಿತ್ರವದು. ಹಳ್ಳಿಗೆ ಬಂದು ಸಂಘ ಕಟ್ಟಿಸುವ ಪಶುವೈದ್ಯ ಡಾ. ರಾವ್ ಪಾತ್ರವನ್ನು ಮಾಡಿದವರು ನಮ್ಮ ಗಿರೀಶ ಕಾರ್ನಾಡರು. ದುಡ್ಡು ಹಾಕಿದ ರೈತರು ಲಾರಿಗಳಲ್ಲಿ ಬಂದು ತಮ್ಮ ಚಿತ್ರವನ್ನು ತಾವೇ ನೋಡಿದರು. ಆದರೆ ಡಾ. ವರ್ಗೀಸ್ ಕುರಿಯನ್ ಅವರು ಪಟ್ಟಣದ ಚಿತ್ರಮಂದಿರಗಳನ್ನು ನೆಚ್ಚಿ ಕೂರಲಿಲ್ಲ. ಸಣ್ಣ ಯಂತ್ರದಲ್ಲಿ ತೋರಿಸಬಹುದಾದ 16 ಮಿ.ಮೀ. ಪ್ರತಿಗಳನ್ನು ಮಾಡಿಸಿ, ಸಂಘವಿಲ್ಲದ ಹಳ್ಳಿಗಳಿಗೆ ಕಳಿಸಿದರು. ಪ್ರತಿಯ ಜೊತೆಗೆ ಒಬ್ಬ ಪಶುವೈದ್ಯ, ಒಬ್ಬ ಹಾಲಿನ ತಂತ್ರಜ್ಞ, ಒಬ್ಬ ಮೇವಿನ ತಜ್ಞ ಹೋಗುತ್ತಿದ್ದರು. ಚಿತ್ರ ನೋಡಿದವರು ‘ನಮ್ಮೂರಲ್ಲೂ ಆಗುತ್ತದೆಯೇ?’ ಎಂದು ಕೇಳಿದರೆ ಉತ್ತರ ಹೇಳುವವರು ಅಲ್ಲೇ ನಿಂತಿರುತ್ತಿದ್ದರು. ಚಿತ್ರ ತೆಗೆದದ್ದಕ್ಕಿಂತ ಇದೇ ದೊಡ್ಡ ಕೆಲಸವೆಂದು ನನ್ನ ಅಭಿಪ್ರಾಯ.

2024ರ ಟಿ-20 ವಿಶ್ವಕಪ್ಪಿನಲ್ಲಿ ನಮ್ಮ ನಂದಿನಿ, ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್ ತಂಡಗಳ ಪ್ರಾಯೋಜಕತ್ವ ವಹಿಸಿದ್ದು ತಮಗೆ ತಿಳಿದಿದೆ. ಮಾರಾಟಕ್ಕೆ ಅಂಥದ್ದೂ ಬೇಕು. ಆದರೆ ಲಸಿಕೆಯ ಸುದ್ದಿಗೆ ಬೇಕಾದ ದಾರಿ ಬೇರೆ, ಅದು ನಮ್ಮ ಕೈಯಲ್ಲೇ ಇದೆ.

ಊರಿನ ಅಷ್ಟೂ ಹಾಲಿನ ಮನೆಯವರು ದಿನಕ್ಕೆರಡು ಬಾರಿ ಒಂದೇ ಕಡೆ ಸೇರುವ ಜಾಗ ಡೈರಿಯೊಂದೇ. ಕ್ಯಾನಿಗೆ ಹಾಲು ಸುರಿಯುವಾಗ ಹಾಲು ಪರೀಕ್ಷಕರು ಬಾಯಲ್ಲಿ ಹೇಳಿದ ಮಾತನ್ನು ಮೀರಿಸುವ ಯಂತ್ರ ಇನ್ನೂ ಬಂದಿಲ್ಲ. ಹಿಂದಿನ ದಿನ ಸಂಜೆ ಒಮ್ಮೆ, ಅದೇ ದಿನ ಬೆಳಿಗ್ಗೆ ಒಮ್ಮೆ ಹೇಳಿಸಬೇಕು. ಗುಂಪಿಗೆ ಸುತ್ತೋಲೆಯ ಬದಲು ಅರ್ಧ ನಿಮಿಷದ ಧ್ವನಿ ಸಂದೇಶ ಹಾಕಲಿ: ‘ನಾಳೆ ಗುರುವಾರ ಬೆಳಿಗ್ಗೆ ಎಂಟಕ್ಕೆ ಡೈರಿ ಮುಂದೆ ಕಾಲುಬಾಯಿ ಜ್ವರದ ಲಸಿಕೆ. ಹಸು, ಎಮ್ಮೆ, ನಾಲ್ಕು ತಿಂಗಳು ತುಂಬಿದ ಕರು ಎಲ್ಲಾ ಹಿಡ್ಕೊಂಡು ಬನ್ನಿ. ಮೇಯೋಕೆ ಬಿಡಬೇಡಿ. ದುಡ್ಡು ಕೊಡಬೇಕಾಗಿಲ್ಲ.’ ಇಷ್ಟು ಸಾಕು. ಓದು ಬಾರದ ಅಜ್ಜಿಗೂ ಮೊಮ್ಮಗ ಕೇಳಿಸಬಹುದು.

ಗುಂಪಿನಲ್ಲಿ ಶುಭೋದಯದ ಹೂವಿನ ಚಿತ್ರಗಳ ನಡುವೆ ಸಂಘದ ಮಾತು ಹೂತುಹೋಗುತ್ತದೆ. ಕಾರ್ಯದರ್ಶಿ ಮಾತ್ರ ಬರೆಯುವಂತೆ ಗುಂಪನ್ನು ಕಟ್ಟುಮಾಡಲು ವಾಟ್ಸ್ಆ್ಯಪ್‌ನಲ್ಲಿ ಅವಕಾಶವಿದೆ. ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಹೋಗುವಂತೆ ಬ್ರಾಡ್‌ಕಾಸ್ಟ್ ಪಟ್ಟಿಯನ್ನೂ ಮಾಡಬಹುದು. ಆದರೆ ಕಳಿಸುವವರ ನಂಬರನ್ನು ತಾವು ತಮ್ಮ ಫೋನಿನಲ್ಲಿ ಹೆಸರು ಹಾಕಿ ಉಳಿಸಿಕೊಂಡಿದ್ದರೆ ಮಾತ್ರ ಅದು ತಲುಪುತ್ತದೆ. ಇದು ಅನೇಕರಿಗೆ ಗೊತ್ತಿಲ್ಲದೆ, ಸಂಘದವರು ಕಳಿಸಲೇ ಇಲ್ಲವೆಂದು ಜಗಳಕ್ಕೆ ನಿಲ್ಲುವುದುಂಟು.

ಇನ್ನೊಂದು ಎಚ್ಚರ. ನಿಜವಾದ ಸುದ್ದಿ ನಿಧಾನವಾಗಿ ಹೋದರೆ ಸುಳ್ಳು ಮುಂದೆ ಹೋಗುತ್ತದೆ. 2022ರಲ್ಲಿ ರಾಸುಗಳಿಗೆ ಚರ್ಮಗಂಟು ರೋಗ ಬಂದಾಗ, ಹಾಲು ಕುಡಿಯಬಾರದೆಂಬ ಸಂದೇಶಗಳು ಗಂಟಿನ ಹಸುವಿನ ಫೋಟೋ ಸಮೇತ ಫೋನಿಂದ ಫೋನಿಗೆ ಹರಿದಾಡಿದವು. ಆ ರೋಗ ಮನುಷ್ಯರಿಗೆ ಬರುವಂಥದ್ದಲ್ಲ. ಅಂಥ ಸುಳ್ಳನ್ನು ನಂಬಿ ಜನ ಹಾಲು ಬಿಟ್ಟರೆ ನಷ್ಟ ನಮ್ಮದೇ. ಸಂದೇಶದ ಮೇಲೆ ಎರಡು ಬಾಣದ ಗುರುತಿದ್ದರೆ ಅದು ಕೈಯಿಂದ ಕೈಗೆ ಐದು ಸಲವಾದರೂ ದಾಟಿ ಬಂದದ್ದೆಂದು ತಿಳಿಯಿರಿ. ಅಂಥದ್ದನ್ನು ಒಂದು ಸಲಕ್ಕೆ ಒಂದೇ ಕಡೆಗೆ ಕಳಿಸುವಂತೆ 2020ರಲ್ಲಿ ಮಿತಿ ಹಾಕಲಾಗಿದೆ. ಮುಂದಕ್ಕೆ ಕಳಿಸುವ ಮೊದಲು ತಮ್ಮ ಪಶುವೈದ್ಯರನ್ನು ಕೇಳಿ. ಸುಳ್ಳೆಂದು ತಿಳಿದರೆ ಅಳಿಸಿ ಸುಮ್ಮನಾಗದೆ, ನಿಜವೇನೆಂದು ಅದೇ ಗುಂಪಿನಲ್ಲಿ ಹೇಳಿ.

ಇಂದು ಸಂಜೆ ಹಾಲು ಹಾಕಲು ಹೋದಾಗ ಸಂಘದ ನಂಬರನ್ನು ಉಳಿಸಿಕೊಳ್ಳಿ. ಗುಂಪಿನಲ್ಲಿರುವುದು ಊರಲ್ಲಿಲ್ಲದ ಮಗನ ಫೋನಾದರೆ, ಹಸು ನೋಡಿಕೊಳ್ಳುವವರ ನಂಬರನ್ನೂ ಕಾರ್ಯದರ್ಶಿಗಳ ಬಳಿ ಬರೆಸಿ. ಫೋನೇ ಇಲ್ಲದ ಮನೆಗಳಿದ್ದರೆ, ಅವರಿಗೆ ಸುದ್ದಿ ಹೇಳುವ ಪಕ್ಕದ ಮನೆಯವರು ಯಾರೆಂಬುದನ್ನೂ ಅದೇ ಪುಸ್ತಕದಲ್ಲಿ ಗುರುತು ಹಾಕಿಸಿ.